ಅಂಗಳದ ನೆಲಹೊದಿಕೆ: ಕೊಳ್ಳುವ ಮೊದಲು ಬಗ್ಗಿ ನೋಡಿ

ನಮ್ಮ ಹಿರಿಯರ ಲೆಕ್ಕದಲ್ಲಿ ಅಂಗಳ ಬೋಳಾಗಿಯೇ ಇರಬೇಕು. ಗುಡಿಸಿ, ಸಗಣಿ ಸಾರಿಸಿ, ರಂಗೋಲಿ ಇಡುವ ಜಾಗದಲ್ಲಿ ಒಂದು ಗರಿಕೆ ತಲೆಯೆತ್ತಿದರೂ ಅದು ಮನೆಯವರ ಸೋಮಾರಿತನಕ್ಕೆ ಸಾಕ್ಷಿ. ಮಲೆನಾಡಿನಲ್ಲಿ ಮಳೆ ನಿಂತ ಮೇಲೆ ಅಂಗಳ ಕೆರೆದು, ಮಟ್ಟ ಮಾಡಿ, ಸಗಣಿ ಬಳಿದು ಅಡಿಕೆ ಹರವಲು ಅಣಿ ಮಾಡುವ ಪದ್ಧತಿ ಕಾಂಕ್ರೀಟು ಬಂದರೂ ಪೂರ್ತಿ ಅಳಿದಿಲ್ಲ. ನೆಲಕ್ಕಂಟಿ ಹಬ್ಬುವ ಗಿಡಗಳ ಜಾಗ ಏನಿದ್ದರೂ ಹಿತ್ತಿಲು. ಬಚ್ಚಲ ನೀರು ಹರಿಯುವಲ್ಲಿ ಒಂದೆಲಗ, ಬಾವಿಕಟ್ಟೆಯ ಹಸಿಯಲ್ಲಿ ಹೊನಗೊನೆ, ಬೇಲಿಯ ಬುಡದಲ್ಲಿ ಕನ್ನೆ ಸೊಪ್ಪು. ಯಾರೂ ನೆಟ್ಟದ್ದಲ್ಲ, ಯಾರೂ ಕಿತ್ತು ಬಿಸಾಡಿದ್ದೂ ಇಲ್ಲ. ತಂಬುಳಿಗೋ ಪಲ್ಯಕ್ಕೋ ಬೇಕಾದಾಗ ಒಂದು ಹಿಡಿ ಚಿವುಟಿ ತಂದರಾಯಿತು.

ಮನೆಯ ಮುಂದೆ ಹಸಿರು ಹಾಸಬೇಕೆಂಬ ಆಸೆ ನಾವು ಬಂಗಲೆಗಳ ಹುಲ್ಲುಹಾಸನ್ನು ನೋಡಿ ಕಲಿತದ್ದು. ಆಮೇಲೆ ಸಿಮೆಂಟು ಬಂತು, ಇಂಟರ್‌ಲಾಕ್ ಇಟ್ಟಿಗೆ ಬಂತು. ಮಧ್ಯಾಹ್ನ ಕಾದ ಸಿಮೆಂಟು ರಾತ್ರಿಯಾದರೂ ತಣಿಯದೆ ಇರುವುದನ್ನೂ, ಬಿದ್ದ ಮಳೆ ಒಂದು ಹನಿ ಇಂಗದೆ ರಸ್ತೆಗೆ ಓಡುವುದನ್ನೂ ಕಂಡವರು ಈಗ ‘ಒಳ್ಳೆಯದೊಂದು ನೆಲಹೊದಿಕೆ ಗಿಡ ಹೇಳಿ’ ಎಂದು ಕೇಳತೊಡಗಿದ್ದಾರೆ. ಹೇಳುವವರಿಗೂ ಬರವಿಲ್ಲ. ನರ್ಸರಿಯವರು ಹುಲ್ಲಿನ ಚಾಪೆ ತೋರಿಸುತ್ತಾರೆ, ಇಲ್ಲವೇ ಹಳದಿ ಹೂವಿನ ವೆಡೇಲಿಯಾ. ಸಹಜ ಕೃಷಿಯವರು ‘ಏನೂ ಕೀಳಬೇಡಿ, ಬಂದದ್ದು ಬರಲಿ’ ಎನ್ನುತ್ತಾರೆ. ಔಷಧಿ ಗಿಡಗಳ ಆಸಕ್ತರು ಅಂಗಳವನ್ನೇ ಅಳಲೆಕಾಯಿ ಪಂಡಿತರ ಅಂಗಡಿ ಮಾಡಲು ಹೊರಡುತ್ತಾರೆ. ಮೊಬೈಲಿನ ವಿಡಿಯೋಗಳು ಬಿಳಿ ಕ್ಲೋವರ್, ತೆವಳುವ ಥೈಮ್‌ಗಳ ಆಸೆ ಹುಟ್ಟಿಸುತ್ತವೆ.

ಸಹಜ ಕೃಷಿಯವರನ್ನು ಬಿಟ್ಟರೆ ಉಳಿದವರ ಮಾತೆಲ್ಲ ಏನು ತರಬೇಕು ಎಂಬಲ್ಲಿಂದ ಹೊರಡುತ್ತದೆ. ನನಗೆ ಅದೇ ಎಡವಟ್ಟು ಅನಿಸುತ್ತದೆ. ಬೇಕಾದ ಗಿಡಗಳಲ್ಲಿ ಅರ್ಧ ಆಗಲೇ ಅಂಗಳದ ಮೂಲೆಯಲ್ಲಿ ಇರುತ್ತವೆ, ಬೇಡವಾದ ಅರ್ಧವೂ ಅಲ್ಲೇ ಇರುತ್ತವೆ. ಯಾವುದು ಯಾವುದೆಂದು ಗುರುತಿಸಲು ಬಾರದೆ ಎರಡನ್ನೂ ಕೆರೆದೆಸೆದು, ಕಾಸು ಕೊಟ್ಟು ಮೂರನೆಯದನ್ನು ತರುತ್ತೇವೆ. ಹಾಗೆಂದು ‘ಬಂದದ್ದು ಬರಲಿ’ ಎಂಬುದನ್ನೂ ನಾನು ಒಪ್ಪಲಾರೆ. ಬಂದದ್ದು ನೆಗ್ಗಿಲ ಮುಳ್ಳೋ ಮುಟ್ಟಿದರೆ ಮುನಿಯೋ ಆದರೆ ಅಂಗಳದಲ್ಲಿ ಬರಿಗಾಲಲ್ಲಿ ಓಡುವ ಮಕ್ಕಳ ಗತಿ?

ಗುರುತಿಸುವುದಕ್ಕೆ ಮೊದಲು ನೋಡಬೇಕಾದದ್ದು ಹೂವನ್ನಲ್ಲ, ಬೇರನ್ನು. ಒಂದು ಕವಲನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎತ್ತಿ ನೋಡಿ. ಗೆಣ್ಣುಗೆಣ್ಣಿಗೂ ಮಣ್ಣಿಗೆ ಅಂಟಿಕೊಂಡು, ಎಳೆದರೆ ಪಟಪಟನೆ ಕಿತ್ತು ಬಂದರೆ ಅದು ನಿಜಕ್ಕೂ ಹಬ್ಬುವ ಗಿಡ. ಗರಿಕೆ, ಒಂದೆಲಗ, ನೀರುಬ್ರಾಹ್ಮಿ, ಹೊನಗೊನೆ, ನೆಲಹಿಪ್ಪಲಿ ಈ ಪಂಗಡದವು. ಹಾಗಲ್ಲದೆ ಕವಲೆಲ್ಲ ಸಲೀಸಾಗಿ ಮೇಲೆದ್ದು, ನಡುವಿನ ಒಂದೇ ತಾಯಿಬೇರಿನಲ್ಲಿ ಹಿಡಿತ ಉಳಿದರೆ ಅದು ನೆಲದ ಮೇಲೆ ಮಲಗಿದೆ ಅಷ್ಟೇ. ನೆಗ್ಗಿಲು, ಕೊಮ್ಮೆ, ಅಚ್ಚೆಗಿಡದ ತೆವಳುವ ತಮ್ಮಂದಿರು ಎಲ್ಲ ಹೀಗೆ. ಗೋಣಿಸೊಪ್ಪನ್ನೂ ಇವುಗಳ ಜೊತೆಗೇ ಸೇರಿಸಬಹುದು, ತುಂಡು ಮಾಡಿ ಹಸಿ ಮಣ್ಣಿಗೆ ಎಸೆದರೆ ಬೇರು ಬಿಡುತ್ತದೆಂಬುದು ನಿಜವಾದರೂ.

ಈ ಭೇದ ಸಸ್ಯಶಾಸ್ತ್ರದ ಪರೀಕ್ಷೆಗೆ ಮಾತ್ರ ಬೇಕಾದದ್ದಲ್ಲ. ಮಲಗುವ ಗಿಡ ಸಾಮಾನ್ಯವಾಗಿ ಒಂದು ಮಳೆಗಾಲದ ಬಾಳು. ಡಿಸೆಂಬರಿಗೆ ಒಣಗಿ, ಬೇಸಿಗೆಯಲ್ಲಿ ಬರಿನೆಲ ಬಿಟ್ಟು ಹೋಗುತ್ತದೆ. ಕೊಮ್ಮೆ ಮಾತ್ರ ಬೇರನ್ನು ಉಳಿಸಿಕೊಂಡು ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ. ಗೆಣ್ಣಿಗೆ ಬೇರು ಬಿಡುವ ಗಿಡವಾದರೆ ಒಂದು ಕಡೆ ಸತ್ತರೂ ಇನ್ನೊಂದು ಕಡೆ ಬದುಕಿರುತ್ತದೆ, ಇಳಿಜಾರಿನ ಮಣ್ಣನ್ನು ಹತ್ತಾರು ಕಡೆ ಹಿಡಿದಿರುತ್ತದೆ, ತುಳಿದರೂ ಚೇತರಿಸಿಕೊಳ್ಳುತ್ತದೆ. ನೆಲಹೊದಿಕೆಯ ಕೆಲಸ ಮಾಡುವುದು ಅದೇ. ತೊಂದರೆ ಕೊಡುವುದೂ ಅದೇ, ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಎರಡನೆಯ ಪರೀಕ್ಷೆ ಹಾಲಿನದು. ಕವಲು ಮುರಿದಾಗ ಬಿಳಿ ಹಾಲು ಒಸರಿದರೆ ಅದು ಹೆಚ್ಚಾಗಿ ಅಚ್ಚೆಗಿಡದ ಯೂಫೋರ್ಬಿಯಾ ಕುಲದ್ದು. ಬಾಯಿಗೆ ಬೇಡ, ಕಣ್ಣಿಗಂತೂ ಬೇಡವೇ ಬೇಡ. ಗೋಣಿಸೊಪ್ಪು ಕೊಯ್ಯಲು ಹೋದವರು ಅವಸರದಲ್ಲಿ ಇದನ್ನೂ ಬುಟ್ಟಿಗೆ ಹಾಕಿಕೊಳ್ಳುವುದುಂಟು. ಎರಡಕ್ಕೂ ಕೆಂಪು ಛಾಯೆಯ ಕಾಂಡ, ಎರಡೂ ನೆಲಕ್ಕೆ ಒರಗಿ ಸುತ್ತಲೂ ಹರಡುತ್ತವೆ. ಆದರೆ ಗೋಣಿಸೊಪ್ಪಿನ ಎಲೆ ಮಾಂಸಲ, ಕಾಂಡ ಮುರಿದರೆ ಬರುವುದು ನೀರು. ಗೋಣಿಸೊಪ್ಪಿನ ಇನ್ನೊಂದು ಸೋಗುಗಾರ ಟ್ರೈಯಾಂಥಿಮಾ. ಅದಕ್ಕೂ ಹಾಲಿಲ್ಲ, ಎಲೆಯೂ ದಪ್ಪ. ಜೋಡಿ ಎಲೆಗಳನ್ನು ನೋಡಿದರೆ ಗುಟ್ಟು ರಟ್ಟಾಗುತ್ತದೆ: ಪ್ರತಿ ಜೋಡಿಯಲ್ಲೂ ಒಂದು ದೊಡ್ಡದು, ಒಂದು ಚಿಕ್ಕದು. ಹೂವು ಬಿಳಿ ಅಥವಾ ತಿಳಿಗುಲಾಬಿ, ಎಲೆಯ ಬುಡದಲ್ಲಿ ಅಡಗಿರುತ್ತದೆ. ಗೋಣಿಸೊಪ್ಪಿನ ಹೂವು ಹಳದಿ, ಕವಲಿನ ತುದಿಯಲ್ಲಿ ಬಿಸಿಲೇರಿದಾಗ ಕೆಲಹೊತ್ತು ಅರಳುತ್ತದೆ.

ಅತಿ ಹೆಚ್ಚು ಗೊಂದಲ ಇರುವುದು ಬ್ರಾಹ್ಮಿಯ ವಿಷಯದಲ್ಲಿ. ಕರಾವಳಿಯವರು ತಿಮರೆ ಎನ್ನುವ, ಘಟ್ಟದ ಮೇಲೆ ಒಂದೆಲಗ ಎನ್ನುವ ಗಿಡ ಸೆಂಟೆಲ್ಲಾ ಏಷಿಯಾಟಿಕಾ. ಉದ್ದ ತೊಟ್ಟಿನ ತುದಿಯಲ್ಲಿ ಮೂತ್ರಪಿಂಡದ ಆಕಾರದ ಒಂದೊಂದೇ ಎಲೆ, ಅಂಚಿನಲ್ಲಿ ಮೊಂಡು ಹಲ್ಲು, ತೊಟ್ಟು ಸೇರುವಲ್ಲಿ ಎಲೆಗೆ ಆಳವಾದ ಸೀಳು. ಹೂವು ಎಷ್ಟು ಪುಟ್ಟದೆಂದರೆ ಮೊಣಕಾಲೂರಿ ಎಲೆ ಸರಿಸಿದರೆ ಮಾತ್ರ ಕಾಣುತ್ತದೆ. ನೀರುಬ್ರಾಹ್ಮಿ, ಅಂದರೆ ಬಕೋಪಾ ಮೊನ್ನಿಯೆರಿ, ಬೇರೆಯದೇ ಕುಟುಂಬದ್ದು: ತೊಟ್ಟಿಲ್ಲದ ಸಣ್ಣ ದಪ್ಪ ಎಲೆಗಳು ಎದುರುಬದುರು, ಹೂವು ಬಿಳಿ ಅಥವಾ ತಿಳಿ ನೇರಳೆ. ಆಯುರ್ವೇದದ ಮಳಿಗೆಗಳಲ್ಲಿ ಎರಡಕ್ಕೂ ಒಂದೇ ಹೆಸರು ಓಡುತ್ತದೆ, ಈ ಜಗಳ ಬಹಳ ಹಳೆಯದು. ಇವೆರಡರ ನಡುವೆ ಈಗ ಮೂರನೆಯದೊಂದು ನುಗ್ಗಿದೆ. ನರ್ಸರಿಗಳಲ್ಲಿ ಬ್ರಾಹ್ಮಿಯೆಂದು ಕುಂಡದಲ್ಲಿ ಕೊಡುವ ಹೊಳೆಯುವ ದುಂಡೆಲೆಯ ಗಿಡವನ್ನು ತಿರುಗಿಸಿ ನೋಡಿ. ತೊಟ್ಟು ಎಲೆಯ ನಟ್ಟನಡುವೆ ಕೂಡಿದ್ದರೆ ಅದು ಹೈಡ್ರೋಕೊಟೈಲ್, ಅಲಂಕಾರಕ್ಕೆ ಅಮೆರಿಕಗಳಿಂದ ಬಂದದ್ದು. ನೀರಿನ ತೊಟ್ಟಿಯ ಬದಿಗೆ ಚೆಂದ, ತಂಬುಳಿಗೆ ಬೇಡ. ಉತ್ತರದ ಕರಿಮಣ್ಣಿನ ಸೀಮೆಯಲ್ಲಿ ಇಲಿಕಿವಿ ಎಂಬ ಬಳ್ಳಿಯೂ ಎಲೆಯಲ್ಲಿ ಒಂದೆಲಗವನ್ನೇ ಹೋಲುತ್ತದೆ. ಅದಕ್ಕೆ ಆಲಿಕೆಯಂಥ ಹಳದಿ ಹೂ ಬಿಟ್ಟಾಗ ಸಂಶಯ ಉಳಿಯುವುದಿಲ್ಲ.

ಮೂರೆಲೆಯವುಗಳಲ್ಲಿಯೂ ಇಂಥದೇ ಕಥೆ. ಹೃದಯಾಕಾರದ ಮೂರು ಎಸಳೆಲೆ, ಐದು ದಳದ ಹಳದಿ ಹೂ, ಜಗಿದರೆ ಹುಳಿ ಎಂದಾದರೆ ಪುಲ್ಲಂಪುರಚಿ. ಬಲಿತ ಕಾಯಿ ಮುಟ್ಟಿದರೆ ಸಿಡಿದು ಬೀಜವನ್ನು ಅಡಿಗಟ್ಟಲೆ ದೂರ ಚಿಮ್ಮುತ್ತದೆ, ಕುಂಡ ಕುಂಡಕ್ಕೂ ಅದು ಹೋಗುವುದು ಹಾಗೆಯೇ. ಇದಕ್ಕಿಂತ ಚಿಕ್ಕ ಮೂರೆಲೆ, ನೇರಳೆ ಬಣ್ಣದ ಪುಟಾಣಿ ಹೂ, ತುಂಡುತುಂಡಾಗಿ ಕಳಚುವ ಚಪ್ಪಟೆ ಕಾಯಿ ಇದ್ದರೆ ಅದು ಡೆಸ್ಮೋಡಿಯಂ ಟ್ರೈಫ್ಲೋರಂ, ದ್ವಿದಳದ ಕುಲ. ಕರಾವಳಿಯ ಕೆಂಪುಕಲ್ಲಿನ ಅಂಗಳಗಳಲ್ಲಿ ಯಾರೂ ಹೇಳದೆ ಕೇಳದೆ ಹಬ್ಬಿಕೊಂಡು, ಕತ್ತರಿಸುವ ಕೆಲಸವನ್ನೇ ಕೊಡದೆ ಅಂಗುಲದೆತ್ತರಕ್ಕೆ ನಿಲ್ಲುವ ಈ ಗಿಡವನ್ನು ಯಾವ ನರ್ಸರಿಯೂ ಮಾರುವುದನ್ನು ನಾನು ಕಂಡಿಲ್ಲ. ನನ್ನ ಕೈಗೆ ಆಯ್ಕೆ ಕೊಟ್ಟರೆ ದುಬಾರಿ ಹುಲ್ಲಿನ ಚಾಪೆಗಿಂತ ಇದಕ್ಕೇ ನನ್ನ ಓಟು.

ಹೊನಗೊನೆ ಸೊಪ್ಪಿಗೂ ಒಬ್ಬ ವೇಷಧಾರಿ ಇದ್ದಾನೆ. ಅಸಲಿಯ ಬಿಳಿ ಹೂಗೊಂಚಲು ಎಲೆಯ ಕಂಕುಳಲ್ಲೇ ಅಂಟಿ ಕೂತಿರುತ್ತದೆ. ಅಲಿಗೇಟರ್ ವೀಡ್ ಎಂಬ ದಕ್ಷಿಣ ಅಮೆರಿಕದ ಕಳೆಗೆ ಅದೇ ಗೊಂಚಲು ಉದ್ದನೆಯ ಕಡ್ಡಿಯ ತುದಿಯಲ್ಲಿ, ಕಾಂಡ ಟೊಳ್ಳು. ಬೆಂಗಳೂರಿನ ಕೆರೆಗಳಲ್ಲಿ ಇದು ದಂಡೆಯಿಂದ ನೀರಿನ ಮೇಲೆಯೂ ಹಾಸಿಕೊಂಡಿದೆ. ಕೆರೆಯ ಬದಿಯಿಂದ ಸೊಪ್ಪು ತಂದು ಅಂಗಳದಲ್ಲಿ ಊರುವ ಮುನ್ನ ಕಾಂಡ ಮುರಿದು ನೋಡುವುದು ಕ್ಷೇಮ.

ಅಂದಹಾಗೆ, ಸಸ್ಯಶಾಸ್ತ್ರಜ್ಞ ಬಿ.ಜಿ.ಎಲ್. ಸ್ವಾಮಿಯವರು ನಮ್ಮ ಅಡುಗೆಮನೆಗೆ ದಕ್ಷಿಣ ಅಮೆರಿಕದಿಂದ ಏನೆಲ್ಲ ಬಂತೆಂದು ಒಂದು ಪುಸ್ತಕವನ್ನೇ ಬರೆದರು. ಅಂಗಳದ ಬಗ್ಗೆಯೂ ಹಾಗೊಂದು ಬರೆಯಬಹುದಿತ್ತು. ಮುಟ್ಟಿದರೆ ಮುನಿ, ಟ್ರೈಡ್ಯಾಕ್ಸ್, ಟೇಬಲ್ ರೋಸ್, ಕಾರ್ಪೆಟ್ ಹುಲ್ಲು, ವೆಡೇಲಿಯಾ, ಎಲ್ಲದರ ತವರೂ ಅಮೆರಿಕ ಖಂಡಗಳ ಬಿಸಿ ಪ್ರದೇಶವೇ. ಗುರುತು ಹಿಡಿಯುವ ಚಟ ಹತ್ತಿದವರಿಗೆ ಸ್ವಾಮಿಯವರ ‘ಹಸುರು ಹೊನ್ನು’ ಇಂದಿಗೂ ಒಳ್ಳೆಯ ಸಂಗಾತಿ. ಪಕ್ಕಾ ಶಾಸ್ತ್ರವೇ ಬೇಕೆಂದರೆ ಸಲ್ಡಾನ ಮತ್ತು ನಿಕಲ್ಸನ್ ಅವರು 1976ರಲ್ಲಿ ತಂದ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಇಂಗ್ಲಿಷ್ ಗ್ರಂಥವಿದೆ; ಅಂಗಳದ ಕಳೆಗಳೂ ಅದರಲ್ಲಿ ಸಿಗುತ್ತವೆ. ಮೊಬೈಲಿನ ಆ್ಯಪ್‌ಗಳು ಕುಲದವರೆಗೆ ತಕ್ಕಮಟ್ಟಿಗೆ ದಾರಿ ತೋರಿಸುತ್ತವೆ. ಹೊಟ್ಟೆಗೆ ಹಾಕಿಕೊಳ್ಳುವ ಸೊಪ್ಪಿನ ವಿಷಯದಲ್ಲಿ ಮಾತ್ರ ಅವುಗಳ ಮಾತು ನಂಬಬಾರದು. ಅದಕ್ಕೆ ಊರಿನಲ್ಲಿ ಸೊಪ್ಪು ಕೊಯ್ದು ಬೇಯಿಸಿ ಉಂಡ ಅಜ್ಜಿಯೇ ಬೇಕು.

ಇನ್ನು ಬೆಳೆಸುವ ಪ್ರಶ್ನೆ. ಇಲ್ಲಿ ಕರ್ನಾಟಕಕ್ಕೆಲ್ಲ ಒಂದೇ ಉತ್ತರ ಕೊಡುವವರನ್ನು ದೂರವಿಡಬೇಕು. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದು, ಆಮೇಲೆ ಡಿಸೆಂಬರಿನಿಂದ ಮೇವರೆಗೆ ಹೆಚ್ಚುಕಡಿಮೆ ಒಣ. ಚಳ್ಳಕೆರೆಯ ಕಡೆ ವರ್ಷವಿಡೀ ಸೇರಿಸಿದರೂ ಐನೂರರ ಆಸುಪಾಸು. ಇವೆರಡರ ನಡುವೆ ಬೆಂಗಳೂರು, ಮೈಸೂರು. ಮಳೆಗಾಲದಲ್ಲಿ ಯಾವುದು ಚೆಂದ ಕಾಣುತ್ತದೆ ಎಂದು ನೋಡಿ ಗಿಡ ಆರಿಸಿದರೆ ಮೋಸ ಹೋಗುವುದು ಖಂಡಿತ, ಜುಲೈನಲ್ಲಿ ಎಲ್ಲವೂ ಚೆಂದವೇ. ಏಪ್ರಿಲ್ ಕೊನೆಯಲ್ಲಿ ಊರಿನ ದೇವಸ್ಥಾನದ ಬಯಲು, ಶಾಲೆಯ ಅಂಗಳ, ರಸ್ತೆ ಬದಿ ಸುತ್ತಾಡಿ, ನೀರು ಹಾಕುವವರಿಲ್ಲದೆ ಯಾವುದು ಜೀವ ಹಿಡಿದಿದೆ ಎಂದು ನೋಡುವುದು ನಿಜವಾದ ಸಮೀಕ್ಷೆ.

ಆ ನೋಟಕ್ಕೆ ಎಲ್ಲೆಡೆ ಮೊದಲು ಕಾಣುವುದು ಗರಿಕೆ. ನೆಲದ ಮೇಲೂ ಕೆಳಗೂ ಎರಡು ಬಗೆಯ ಕಾಂಡ ಚಾಚುವ ಹುಲ್ಲು ಇದು. ಮೇಲಿನದು ಸುಟ್ಟರೂ ಕೆಳಗಿನದು ಉಳಿಯುತ್ತದೆ. ತುಳಿತ ತಡೆಯುವುದರಲ್ಲಿ ಇದಕ್ಕೆ ಸಾಟಿಯಿಲ್ಲ, ಗಣೇಶನ ಹಬ್ಬಕ್ಕೆ ಮಾರುಕಟ್ಟೆಗೆ ಹೋಗುವುದೂ ತಪ್ಪುತ್ತದೆ. ನೆರಳು ಮಾತ್ರ ಆಗದು. ಮಾವಿನ ಮರದಡಿ ಗರಿಕೆ ಹಬ್ಬಿಸಲು ಹೋದವರು ಪ್ರತಿವರ್ಷ ಹೊಸದಾಗಿ ನೆಡುತ್ತಲೇ ಇರುತ್ತಾರೆ. ಅಲ್ಲಿ ಅಗಲ ಎಲೆಯ ಕಾರ್ಪೆಟ್ ಹುಲ್ಲು ಅಥವಾ ಒಂದೆಲಗ ಸರಿ. ತೆಂಗು, ಅಡಿಕೆಯ ನೆರಳಿದ್ದು ಬೇಸಿಗೆಯಲ್ಲೂ ತೇವ ಉಳಿಯುವ ಕಡೆ ಹಿಪ್ಪಲಿ ಬಳ್ಳಿಯನ್ನು ನೆಲಕ್ಕೇ ಬಿಡಬಹುದು. ಮೆಣಸಿನ ಬಳ್ಳಿಯ ನೆಂಟನೇ ಆದರೂ ಇದು ಮರ ಹತ್ತುವ ಹಟ ಮಾಡದೆ ನೆಲ ತುಂಬುತ್ತದೆ, ಕಾಯಿಗೂ ಬೆಲೆಯಿದೆ.

ನರ್ಸರಿಯ ‘ಮೆಕ್ಸಿಕನ್ ಹುಲ್ಲು’ ಹೆಚ್ಚಾಗಿ ಝೋಯ್ಸಿಯಾ ಕುಲದ್ದು, ಪೂರ್ವ ಏಷ್ಯಾ ಕಡೆಯದು. ಕಣ್ಣಿಗೆ ಮೆತ್ತೆ, ಕಿಸೆಗೆ ಭಾರ. ಹುಲ್ಲುಹಾಸಿನ ನೀರಿನ ಲೆಕ್ಕ ಸರಳವಾಗಿದೆ: ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ನೀರೆಂದರೆ ಒಂದು ಲೀಟರು. ಬೇಸಿಗೆಯ ಬಿಸಿಲಲ್ಲಿ ದಿನಕ್ಕೆ ನಾಲ್ಕೈದು ಮಿಲಿಮೀಟರ್ ಆವಿಯಾಗುತ್ತದೆಂದರೆ ನೂರು ಚದರ ಮೀಟರ್ ಹುಲ್ಲಿಗೆ ದಿನಕ್ಕೆ ನಾನೂರು ಐನೂರು ಲೀಟರು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಸಾರಿದಾಗ, ಹುಲ್ಲುಹಾಸು ಇಟ್ಟವರಿಗೆ ಈ ಲೆಕ್ಕ ಬಾಯಿಪಾಠವಾಯಿತು. ಪಾತ್ರೆ, ಅಕ್ಕಿ ತೊಳೆದ ನೀರಿನಲ್ಲಿ ಬದುಕುವ ಒಂದೆಲಗದ ಮಡಿ ಎಷ್ಟು ಜಾಣತನದ್ದೆಂದು ಆಗ ಹೊಳೆದಿರಬೇಕು.

ಬಯಲುಸೀಮೆಯ ಕೆಂಪುಮಣ್ಣಿನಲ್ಲಿ ನೀರು ಹಾಕದೆ ನಡೆಯಬೇಕೆಂದರೆ ವರ್ಷಪೂರ್ತಿ ಹಸಿರು ಎಂಬ ಆಸೆಯನ್ನೇ ಸ್ವಲ್ಪ ಸಡಿಲಿಸಬೇಕು. ಪುಟ್ಟ ನೀಲಿ ಹೂವಿನ ವಿಷ್ಣುಕ್ರಾಂತಿ, ಗೋಣಿಸೊಪ್ಪು, ಕೊಮ್ಮೆ, ಗರಿಕೆ ಕಲೆತು ಮಳೆಗೆ ತುಂಬಿ, ಬೇಸಿಗೆಗೆ ತೆಳುವಾಗುವುದು ಅಲ್ಲಿಯ ಸಹಜ ಲಯ. ತೆಳುವಾದಾಗ ತರಗೆಲೆ ಹರಡಿದರೆ ಮಣ್ಣು ಮುಚ್ಚಿಯೇ ಇರುತ್ತದೆ. ಕರಿಮಣ್ಣಿನಲ್ಲಿ ಇಲಿಕಿವಿ, ನೆಲಹಿಪ್ಪಲಿ ಸೈ. ನೆಲಹಿಪ್ಪಲಿಯನ್ನು ಎಲೆಯ ಮೇಲರ್ಧದಲ್ಲಿ ಮಾತ್ರ ಇರುವ ಹಲ್ಲುಗಳಿಂದ, ಉದ್ದ ಕಡ್ಡಿಯ ತುದಿಯ ಸಣ್ಣ ಗುಂಡಿನ ಸುತ್ತ ಬಳೆಯಂತೆ ಅರಳುವ ಬಿಳಿ ಹೂಗಳಿಂದ ಗುರುತಿಸಬಹುದು, ಜೇನುನೊಣಗಳಿಗೆ ಇಷ್ಟ. ಸಮುದ್ರದ ಮರಳಿನಲ್ಲಿ ಮನೆ ಇದ್ದವರಿಗೆ ಅಡುಂಬು ಬಳ್ಳಿ ಬಿಟ್ಟರೆ ಬೇರೆ ಮಾತೇ ಬೇಡ.

ಬಿಳಿ ಕ್ಲೋವರ್ ಬಗ್ಗೆ ಒಂದು ಮಾತು. ಜಪಾನಿನ ಸಹಜ ಕೃಷಿಕ ಫುಕುವೋಕಾ ತಮ್ಮ ಗದ್ದೆಯಲ್ಲಿ ಅದನ್ನು ಬಿತ್ತಿದ್ದರೆಂದು ಓದಿ ಬೀಜಕ್ಕಾಗಿ ಅಲೆದವರು ನಮ್ಮಲ್ಲಿ ಕಡಿಮೆಯಿಲ್ಲ. ಅದು ಜಪಾನಿನ ಹವೆಗೆ ಒಗ್ಗಿದ ಗಿಡ. ನೀಲಗಿರಿಯ ತಂಪಿನಲ್ಲಿ ತಾನಾಗಿ ಹಬ್ಬಿದೆ, ನಮ್ಮ ಬಯಲಿನ ಏಪ್ರಿಲ್ ಅದಕ್ಕೆ ಆಗಿಬರುವುದಿಲ್ಲ. ಸಾರಜನಕ ಹಿಡಿಯುವ ದ್ವಿದಳವೇ ಬೇಕೆಂದರೆ ಬ್ರೆಜಿಲ್ ಮೂಲದ ಅರಾಕಿಸ್ ಪಿಂಟೋಯ್ ಇದೆ. ನೆಲಗಡಲೆಯ ದಾಯಾದಿ, ನಾಲ್ಕು ಎಸಳೆಲೆ, ಹಳದಿ ಹೂ, ಅರೆನೆರಳು ತಡೆಯುತ್ತದೆ, ಮರಕ್ಕೆ ಹತ್ತುವುದಿಲ್ಲ. ಅಂಗಳಕ್ಕೂ ತೋಟಕ್ಕೂ ಒಪ್ಪುತ್ತದೆ. ರಬ್ಬರ್ ತೋಟದ ಪ್ಯುರೇರಿಯಾ, ಮ್ಯೂಕುನಾಗಳನ್ನು ಮಾತ್ರ ಮನೆಯ ಹತ್ತಿರ ತರಬಾರದು. ಅವು ಒಂದೇ ಮಳೆಗಾಲದಲ್ಲಿ ದಾಸವಾಳದ ನೆತ್ತಿ ಹತ್ತಿ ಕೂರುತ್ತವೆ.

ನೆಡುವ ಹೊತ್ತಿಗೆ ಮುಖ್ಯವಾದ ಕೆಲಸ ನೆಡುವುದಕ್ಕಿಂತ ಮೊದಲಿನದು. ಮೊದಲ ಮಳೆಗೆ ಕಳೆ ಹುಟ್ಟಲು ಬಿಟ್ಟು ಕಿತ್ತು, ಇನ್ನೊಮ್ಮೆ ಹುಟ್ಟಲು ಬಿಟ್ಟು ಮತ್ತೆ ಕಿತ್ತು, ಆಮೇಲೆ ನೆಟ್ಟರೆ ಅರ್ಧ ಗೆದ್ದಂತೆ. ಜೇಕಿನ ಗಡ್ಡೆ ಇದ್ದರೆ ಅಗೆದು ಆರಿಸಲೇಬೇಕು. ಯಾವ ಹೊದಿಕೆಯನ್ನೂ ಸೂಜಿಯಂತೆ ಚುಚ್ಚಿಕೊಂಡು ಅದು ಮೇಲೆ ಬರುತ್ತದೆ. ಮೂರು ನಾಲ್ಕು ಗೆಣ್ಣಿನ ತುಂಡುಗಳನ್ನು ಗೇಣಿಗೊಂದರಂತೆ, ಎರಡು ಗೆಣ್ಣು ಮಣ್ಣಿನೊಳಗೆ ಹೋಗುವ ಹಾಗೆ ಊರಿದರೆ ಸಾಕು. ಕರಾವಳಿ, ಮಲೆನಾಡಿನಲ್ಲಿ ಜಡಿಮಳೆ ಹಿಡಿಯುವ ಮೊದಲು ಊರಿ ಬೇರು ಹಿಡಿಸಿಕೊಳ್ಳಬೇಕು, ಇಲ್ಲವೇ ಹೊಡೆತ ಕಡಿಮೆಯಾಗುವವರೆಗೆ ಕಾಯಬೇಕು. ಬಯಲುಸೀಮೆಯಲ್ಲಿ ಆಗಸ್ಟ್, ಸೆಪ್ಟೆಂಬರೇ ಹದ. ಹಸಿ ಸಗಣಿ, ಸರಿಯಾಗಿ ಕಳಿಯದ ಕೊಟ್ಟಿಗೆ ಗೊಬ್ಬರ ಹಾಕಿದರೆ ಅದರಲ್ಲಿರುವ ಕಳೆಬೀಜವನ್ನು ನಾವೇ ಬಿತ್ತಿದಂತಾಗುತ್ತದೆ. ನಡುವಿನ ಬರಿಜಾಗಕ್ಕೆ ತರಗೆಲೆ ಹಾಕಿ, ಗಿಡಗಳು ಒಂದಕ್ಕೊಂದು ಕೂಡುವ ತನಕ ಕಾಲಿಡದೆ ಇರುವುದು ಕಷ್ಟ, ಆದರೆ ಅಗತ್ಯ.

ತಿನ್ನುವ ಸೊಪ್ಪಿನ ಮಡಿಗೆ ಒಂದು ಎಚ್ಚರಿಕೆ ಸೇರಿಸಬೇಕು. ಒಂದೆಲಗ, ನೀರುಬ್ರಾಹ್ಮಿ ಎರಡೂ ಕೊಳಚೆ ನೀರಿನಲ್ಲಿರುವ ಸೀಸದಂಥ ಲೋಹಗಳನ್ನು ಹೀರಿ ಎಲೆಯಲ್ಲಿ ಕೂಡಿಡಬಲ್ಲವು. ಹಳೆಯ ಕಾಲದ ಬಚ್ಚಲ ನೀರು ಸೀಗೆಪುಡಿ, ಬೂದಿಯದು. ಇಂದಿನ ನಗರದ ಮೋರಿಯ ನೀರು ಬೇರೆ. ಚರಂಡಿಯ ಬದಿಯ ಒಂದೆಲಗ ಎಷ್ಟೇ ಸೊಗಸಾಗಿದ್ದರೂ ಅಲ್ಲೇ ಇರಲಿ. ಗೋಣಿಸೊಪ್ಪು, ಪುಲ್ಲಂಪುರಚಿಗಳಲ್ಲಿ ಆಕ್ಸಲೇಟ್ ಹೆಚ್ಚು, ಮೂತ್ರಪಿಂಡದ ಕಲ್ಲಿನ ತೊಂದರೆಯವರು ದೂರವಿರುವುದು ಲೇಸು. ತಿನ್ನದಿದ್ದರೂ ಅವನ್ನು ಉಳಿಸಲು ಬೇರೆ ಕಾರಣವಿದೆ. ನೆಲದಿಂದ ಗೇಣೆತ್ತರದಲ್ಲೇ ಹಾರಾಡುವ ಮಾಸಲು ನೀಲಿಯ ಪುಟ್ಟ ಚಿಟ್ಟೆಯೊಂದರ ಮರಿಹುಳು ಪುಲ್ಲಂಪುರಚಿಯನ್ನು ತಿಂದೇ ಬೆಳೆಯುತ್ತದೆ. ಗೋಣಿಸೊಪ್ಪಿನ ಮೇಲೆ ಬೆಳೆಯುವ ಇನ್ನೊಂದು ಚಿಟ್ಟೆಯ ಹೆಣ್ಣು, ಎಕ್ಕದೆಲೆ ತಿಂದು ಕಹಿಯಾದ ಚಿಟ್ಟೆಯ ವೇಷ ಹಾಕಿ ಹಕ್ಕಿಗಳನ್ನು ಏಮಾರಿಸುತ್ತದೆ.

ಹಾವಿನ ಭಯ ಎಲ್ಲರೂ ಎತ್ತುವ ಪ್ರಶ್ನೆ. ಅಂಗುಲ ಎರಡಂಗುಲದ ಹೊದಿಕೆಯಲ್ಲಿ ಹಾವಿಗೆ ಮರೆ ಸಿಗುವುದಿಲ್ಲ, ಮೊಣಕಾಲೆತ್ತರ ಬೆಳೆಯಲು ಬಿಟ್ಟ ವೆಡೇಲಿಯಾದಲ್ಲಿ ಖಂಡಿತ ಸಿಗುತ್ತದೆ. ಗೋಡೆಯ ಸುತ್ತ ಎರಡು ಮೂರು ಅಡಿ ಜಾಗವನ್ನು ಹಿರಿಯರ ಅಂಗಳದ ಹಾಗೆ ಬೋಳಾಗಿಯೇ ಬಿಡುವುದು ಒಳ್ಳೆಯದು, ಗೆದ್ದಲು ಏರಿದರೂ ಕಣ್ಣಿಗೆ ಬೀಳುತ್ತದೆ.

ವೆಡೇಲಿಯಾವನ್ನು ಬೈದ ಮೇಲೆ ಕಾರಣ ಹೇಳದಿದ್ದರೆ ತಪ್ಪಾದೀತು. ಹೊಳೆಯುವ ಹಸಿರೆಲೆ, ವರ್ಷವಿಡೀ ಹಳದಿ ಹೂ, ನೀರು ಗೊಬ್ಬರ ಕೇಳದು, ತುಂಡು ಬಿದ್ದಲ್ಲಿ ಬೇರು. ರಸ್ತೆ ವಿಭಜಕಗಳಿಗೆ ಗುತ್ತಿಗೆದಾರರು ಇದನ್ನೇ ಹಾಕಲು ಇವೇ ಕಾರಣ, ಜಗತ್ತಿನ ನೂರು ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಗೆ ಇದು ಸೇರಲೂ ಇವೇ ಕಾರಣ. ಗೆಣ್ಣಿಗೊಂದು ಬೇರು ಬಿಡುವ ಗುಣವನ್ನು ಮೇಲೆ ಹೊಗಳಿದೆನಲ್ಲ, ಕಡಿವಾಣವಿಲ್ಲದಿದ್ದರೆ ಅದು ಹೀಗಾಗುತ್ತದೆ. ಅಂಗಳ ದಾಟಿ ತೋಡಿನ ಬದಿ ಹಿಡಿದರೆ ಒಂದೆಲಗವನ್ನೂ ಹೊನಗೊನೆಯನ್ನೂ ಮುಚ್ಚಿ ಹಾಕುತ್ತದೆ. ಈಗಾಗಲೇ ಇದ್ದವರು ಮಳೆಯ ನಡುವೆ ಕೀಳಲು ಹೋಗಬಾರದು, ಉಳಿದ ತುಂಡೆಲ್ಲ ಚಿಗುರುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಮಣ್ಣು ಒಣಗಿದ ಮೇಲೆ ಬುಡಸಮೇತ ಎಬ್ಬಿಸಿ, ಕಾದ ಸಿಮೆಂಟಿನ ಮೇಲೋ ಬಂಡೆಯ ಮೇಲೋ ಹರವಿ, ಮುರಿದರೆ ಕಡ್ಡಿ ಸದ್ದು ಮಾಡುವಷ್ಟು ಒಣಗಿಸಿ, ಆಮೇಲಷ್ಟೇ ಗೊಬ್ಬರದ ಗುಂಡಿಗೆ ಹಾಕಬೇಕು. ಖಾಲಿ ಸೈಟಿಗೆ ಎಸೆಯುವುದಂತೂ ಬೇಡ. ಖಾಲಿಯಾದ ಜಾಗಕ್ಕೆ ಮುಂದಿನ ಒಂದು ಮಳೆಗಾಲ ಏನನ್ನೂ ನೆಡದೆ, ಹದಿನೈದು ದಿನಕ್ಕೊಮ್ಮೆ ಬಗ್ಗಿ, ಕಂಡ ಚಿಗುರನ್ನೆಲ್ಲ ಕೈಯಿಂದಲೇ ಕೀಳಬೇಕಾಗುತ್ತದೆ.